ಒಂದು ಅಂಗುಲದ ಗುರಿ: ಏರ್‌ಗನ್, ಪಾರಿವಾಳ ಮತ್ತು ಒಂದು ಪ್ರಶ್ನೆ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರು, ಲೋಕಲ್ ಟ್ರೈನಿನಲ್ಲಿ ನಿಂತುಕೊಂಡೇ ಓದುವವರು ಇದ್ದೀರಿ ಅಂತ ಗೊತ್ತು. ನಿಮಗಾಗಿ ಈ ವಾರದ ಮಾತು ಬರಹದಲ್ಲಿ, ಅಲ್ಲಲ್ಲಿ ಸ್ವಲ್ಪ ತಿದ್ದಿ.

ಹೋದ ತಿಂಗಳು ಮುಂಬೈಯ ಒಬ್ಬ ವೀಕ್ಷಕರು ಒಂದು ಪ್ರಶ್ನೆ ಕಳಿಸಿದ್ದರು. "ಸರ್, ನಮ್ಮ ಬಾಲ್ಕನಿ ಪೂರ್ತಿ ಪಾರಿವಾಳಗಳದ್ದೇ ಆಗಿದೆ. ಎಸಿ ಯೂನಿಟ್ ಹಿಂದೆ ಗೂಡು, ಒಣಹಾಕಿದ ಬಟ್ಟೆ ಮೇಲೆ ಹಿಕ್ಕೆ, ಅಮ್ಮನಿಗೆ ಕೆಮ್ಮು. ಊರಲ್ಲಿ ನಮ್ಮ ಮಾವನ ಹತ್ತಿರ ಒಂದು ಹಳೇ ಏರ್‌ಗನ್ ಇದೆ. ಎಲ್ಲಿಗೆ ಗುರಿ ಇಟ್ಟರೆ ಒಂದೇ ಏಟಿಗೆ ಬೀಳತ್ತೆ?"

ನಾನು ಮೊದಲು ನಕ್ಕುಬಿಟ್ಟೆ. ಆಮೇಲೆ ಯೋಚನೆ ಮಾಡಿದಾಗ ಅದು ನಗುವ ಪ್ರಶ್ನೆ ಅಲ್ಲ ಅನ್ನಿಸಿತು. "ಎಲ್ಲಿಗೆ ಗುರಿ ಇಡಬೇಕು" ಅನ್ನೋ ಈ ಮೂರು ಪದಗಳ ಹಿಂದೆ ಇನ್ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸ ಇದೆ. ಇವತ್ತು ಅದನ್ನೇ ನೋಡೋಣ. ಅವರಿಗೆ ಉತ್ತರ ಕೊನೆಯಲ್ಲಿ ಕೊಡ್ತೀನಿ.

ಜಾತ್ರೆಯ ಬಂದೂಕು

ನಮ್ಮಲ್ಲಿ ಬಹಳಷ್ಟು ಜನ ಏರ್‌ಗನ್ ಕೈಯಲ್ಲಿ ಹಿಡಿದಿರೋದು ಒಂದೇ ಜಾಗದಲ್ಲಿ, ಜಾತ್ರೆಯಲ್ಲಿ. ಹಲಗೆಗೆ ಬಣ್ಣಬಣ್ಣದ ಬಲೂನು ಸಾಲಾಗಿ ಕಟ್ಟಿರ್ತಾರೆ, ಹತ್ತು ಏಟಿಗೆ ಇಷ್ಟು ಅಂತ ದುಡ್ಡು. ಮುಂಬೈಯವರಿಗೆ ಚೌಪಾಟಿ ನೆನಪಾಗಬಹುದು. ಕೆಂಪು ಬಲೂನಿಗೆ ಗುರಿ ಇಟ್ಟರೆ ಪಕ್ಕದ ಹಳದಿ ಒಡೆಯುತ್ತೆ. ಅಂಗಡಿಯವನು "ಭಲೇ ಸಾಹೇಬ್ರೇ!" ಅಂತಾನೆ. ನಾವೂ ಹಳದಿಗೇ ಗುರಿ ಇಟ್ಟಿದ್ದೆವು ಅನ್ನೋ ಹಾಗೆ ಮುಖ ಮಾಡ್ಕೋತೀವಿ.

ಅಲ್ಲಿ ಬಲೂನು ದೊಡ್ಡದು, ದೂರ ನಾಲ್ಕೈದು ಮಾರು, ತಪ್ಪಿದರೆ ಯಾರಿಗೂ ನೋವಿಲ್ಲ. ಅದೇ ಬಂದೂಕನ್ನು ಜೀವ ಇರುವ ಹಕ್ಕಿಯ ಕಡೆ ತಿರುಗಿಸಿದ ಕೂಡಲೇ ಲೆಕ್ಕ ಬೇರೆ ಆಗುತ್ತೆ. ಯಾಕೆ ಅಂತ ತಿಳಿಯೋಕೆ ಈ ಬಂದೂಕು ಹುಟ್ಟಿದ ಕಥೆಯಿಂದ ಶುರು ಮಾಡಬೇಕು.

ಸೈನಿಕನ ಗಾಳಿ ಬಂದೂಕು

ಏರ್‌ಗನ್ ಅಂದರೆ ಮಕ್ಕಳ ಆಟದ ಸಾಮಾನು ಅಂತ ನಾವು ಅಂದುಕೊಂಡಿದ್ದೀವಿ. ಆದರೆ 1780ರ ಹೊತ್ತಿಗೆ ಆಸ್ಟ್ರಿಯಾದ ಸೈನ್ಯ ಅದನ್ನು ಯುದ್ಧಕ್ಕೇ ತೆಗೆದುಕೊಂಡಿತ್ತು. ಟಿರೋಲ್ ಸೀಮೆಯ ಜಿರಾರ್ಡೋನಿ ಎಂಬ ಕುಶಲಕರ್ಮಿ ಮಾಡಿದ ಬಂದೂಕು ಅದು. ಅದರ ಹಿಂಭಾಗ, ಅಂದರೆ ಭುಜಕ್ಕೆ ಆನಿಸುವ ಭಾಗವೇ ಗಾಳಿಯ ಡಬ್ಬಿ. ಅದನ್ನು ತುಂಬೋಕೆ ಕೈಪಂಪನ್ನು ಸುಮಾರು 1,500 ಸಲ ಒತ್ತಬೇಕಿತ್ತು. ಸೈಕಲ್ ಟ್ಯೂಬಿಗೆ ಗಾಳಿ ಹೊಡೆದೇ ಸುಸ್ತಾಗುವ ನಾವು ಇದನ್ನು ಊಹಿಸಿಕೊಳ್ಳಬಹುದು. ಆದರೆ ಒಮ್ಮೆ ತುಂಬಿದರೆ ಇಪ್ಪತ್ತು ಗುಂಡುಗಳನ್ನು ಒಂದರ ಹಿಂದೆ ಒಂದು ಹಾರಿಸಬಹುದಿತ್ತು. ಹೊಗೆ ಇಲ್ಲ, ಮಳೆಯಲ್ಲಿ ನೆನೆಯುವ ಮದ್ದಿಲ್ಲ, ಸದ್ದೂ ಕಡಿಮೆ.

ಅಮೆರಿಕದ ಪಶ್ಚಿಮ ಭಾಗವನ್ನು ಶೋಧಿಸಲು ಹೊರಟ ಮೆರಿವೆದರ್ ಲೂಯಿಸ್ ಕೂಡ ಒಂದು ಗಾಳಿ ಬಂದೂಕು ಒಯ್ದಿದ್ದ. ಅದು ಜಿರಾರ್ಡೋನಿ ಮಾದರಿಯದ್ದೇ ಅನ್ನೋದು ಇವತ್ತು ಹೆಚ್ಚಿನ ಇತಿಹಾಸಕಾರರ ಅಭಿಪ್ರಾಯ. 1803ರ ಆಗಸ್ಟ್ ಕೊನೆಯಲ್ಲಿ, ಪಿಟ್ಸ್‌ಬರ್ಗ್‌ನಿಂದ ಹೊರಟ ದಿನವೇ, ನದಿಯ ಒಂದು ದ್ವೀಪದಲ್ಲಿ ಜನ ಆ ಬಂದೂಕನ್ನು ನೋಡಲು ಸೇರಿದ್ದರು. ಲೂಯಿಸ್ ತಾನೇ 55 ಗಜ ದೂರಕ್ಕೆ ಏಳು ಸಲ ಹೊಡೆದು ತೋರಿಸಿದ. ಗುರಿ ಚೆನ್ನಾಗೇ ಸಿಕ್ಕಿತು. ಆಮೇಲೆ ಬಂದೂಕನ್ನು, ಅದರ ಬಳಕೆ ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟ. ಅದು ಅಚಾನಕ್ಕಾಗಿ ಹಾರಿತು. ಸುಮಾರು 40 ಗಜ ದೂರದಲ್ಲಿ ನಿಂತಿದ್ದ ಹೆಂಗಸೊಬ್ಬಳ ಟೋಪಿ ತೂರಿ, ಕಣತಲೆಯನ್ನು ಸವರಿಕೊಂಡು ಹೋಯಿತು. ಆಕೆ ರಕ್ತ ಸುರಿಸುತ್ತಾ ಬಿದ್ದಳು, ಸತ್ತೇಹೋದಳು ಅಂತ ಎಲ್ಲರೂ ಗಾಬರಿಯಾದರು. ಅದೃಷ್ಟಕ್ಕೆ ಗಾಯ ಆಳವಾಗಿರಲಿಲ್ಲ, ಸ್ವಲ್ಪ ಹೊತ್ತಿಗೆ ಎದ್ದಳು. ಇದೆಲ್ಲ ಲೂಯಿಸ್ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ.

ಒಂದೇ ಬಂದೂಕು, ಒಂದೇ ದಿನ. ತಿಳಿದವನ ಕೈಯಲ್ಲಿ ಗುರಿ ಸಿಕ್ಕಿತು, ತಿಳಿಯದವನ ಕೈಯಲ್ಲಿ ದಾರಿಹೋಕಳ ತಲೆಗೆ ಬಂತು. ಈ ಘಟನೆ ನೆನಪಿನಲ್ಲಿರಲಿ.

ಸೈನಿಕನ ಕೈಯಿಂದ ಹುಡುಗನ ಕೈಗೆ

ಆ ಗಾಳಿ ಡಬ್ಬಿಗಳು ನಾಜೂಕು, ರಿಪೇರಿ ಕಷ್ಟ. ಸೈನ್ಯ ಕೊನೆಗೆ ಅವನ್ನು ಕೈಬಿಟ್ಟಿತು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬಂದದ್ದು ಬೇರೆ ಥರದ ಬಂದೂಕು. ಒಳಗೊಂದು ಗಟ್ಟಿ ಸ್ಪ್ರಿಂಗ್, ಅದರ ಮುಂದೆ ಪಿಸ್ಟನ್. ಕುದುರೆ ಎಳೆದಾಗ ಸ್ಪ್ರಿಂಗ್ ಪಿಸ್ಟನ್ ಅನ್ನು ಮುಂದಕ್ಕೆ ತಳ್ಳುತ್ತೆ, ಗಾಳಿ ಒತ್ತುತ್ತೆ, ಗುಂಡು ಹೊರಡುತ್ತೆ. ಜಾತ್ರೆಯಲ್ಲಿ ನಾವು ಮಡಚಿ ಗುಂಡು ಹಾಕುತ್ತಿದ್ದ ಬಂದೂಕು ಇದೇ ಜಾತಿಯದ್ದು. ಅಮೆರಿಕದಲ್ಲಿ ಗಾಳಿಯಂತ್ರ ತಯಾರಿಸುತ್ತಿದ್ದ ಒಂದು ಕಂಪನಿ 1880ರ ದಶಕದ ಕೊನೆಯಲ್ಲಿ ಡೈಸಿ ಅನ್ನೋ ಹೆಸರಿನಲ್ಲಿ ಮಕ್ಕಳ ಬಂದೂಕು ಮಾಡಿತು. ಜರ್ಮನಿಯ ಡಯಾನಾ ಬಂದೂಕುಗಳೂ ಆಗಿನ ಕಾಲದವೇ.

ನಿಜವಾದ ತಿರುವು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ. 1904ರಲ್ಲಿ ಲಿಂಕನ್ ಜೆಫ್ರೀಸ್ ಎಂಬ ಬಂದೂಕು ತಯಾರಕ ಒಂದು ಹೊಸ ವಿನ್ಯಾಸಕ್ಕೆ ಪೇಟೆಂಟ್ ತೆಗೆದುಕೊಂಡ. ನಳಿಗೆ ಅಲುಗಾಡದೆ ಗಟ್ಟಿಯಾಗಿ ನಿಂತಿರುತ್ತೆ, ಕೆಳಗಿನ ಸನ್ನೆಯಿಂದ ಸ್ಪ್ರಿಂಗ್ ಎಳೀಬೇಕು. ಬಿ.ಎಸ್.ಎ. ಕಂಪನಿ ಅದನ್ನು ತಯಾರಿಸಿತು. ನಳಿಗೆಯ ಒಳಗೆ ಸುರುಳಿ ಗೀರು, ಗುಂಡಿಗೆ ಡಮರುಗದ ಹಾಗೆ ಸಣ್ಣ ಸೊಂಟ ಮತ್ತು ಹಿಂದೆ ಟೊಳ್ಳು ಅಂಚು. ಗಾಳಿ ಒತ್ತಿದಾಗ ಆ ಸೀಸದ ಅಂಚು ಅಗಲವಾಗಿ ಗೀರುಗಳನ್ನು ಹಿಡಿಯುತ್ತೆ, ಗುಂಡು ತಿರುಗುತ್ತಾ ನೇರವಾಗಿ ಹೋಗುತ್ತೆ. ಅಲ್ಲಿಂದ ಮುಂದೆ ಏರ್‌ಗನ್ ಆಟದ ಸಾಮಾನಾಗಿ ಉಳಿಯಲಿಲ್ಲ, ನಿಖರವಾಗಿ ಹೊಡೆಯುವ ಸಾಧನ ಆಯಿತು. ಆದರೆ ಶಕ್ತಿ ಮಾತ್ರ ಕಡಿಮೆಯೇ ಉಳಿಯಿತು.

ಎಷ್ಟು ಕಡಿಮೆ? ಇಂಗ್ಲೆಂಡಿನಲ್ಲಿ 1969ರ ನಿಯಮದ ಪ್ರಕಾರ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾದ ಏರ್ ರೈಫಲ್‌ನ ಮಿತಿ 12 ಅಡಿ-ಪೌಂಡ್, ಅಂದರೆ ಸುಮಾರು 16 ಜೂಲ್. ಒಂದು ಕಿಲೋ ಸಕ್ಕರೆ ಪೊಟ್ಟಣ ಹೆಚ್ಚು ಕಡಿಮೆ ನಿಮ್ಮ ತಲೆಮಟ್ಟದಿಂದ ನೆಲಕ್ಕೆ ಬಿದ್ದಾಗ ಇರುವ ಶಕ್ತಿ ಅಷ್ಟೇ. ಮದ್ದು ಸಿಡಿಸುವ ಸಾಮಾನ್ಯ .22 ರೈಫಲ್ ಗುಂಡಿನ ಶಕ್ತಿ ಇದರ ಎಂಟು ಹತ್ತು ಪಟ್ಟು.

ಪಾರಿವಾಳದ ಲೆಕ್ಕ

ಇಂಗ್ಲೆಂಡಿನ ರೈತರಿಗೆ ಕಾಡು ಪಾರಿವಾಳ ದೊಡ್ಡ ತಲೆನೋವು. ಎಲೆಕೋಸು, ಬಟಾಣಿ, ಮೊಳಕೆ ಎಲ್ಲ ತಿಂದುಹಾಕುವ ಹಕ್ಕಿ, ಮಾಂಸಕ್ಕೂ ಬೇಕಾದದ್ದು. ಹಾಗಾಗಿ ಅಲ್ಲಿ ಏರ್ ರೈಫಲ್‌ನಿಂದ ಪಾರಿವಾಳ ಹೊಡೆಯುವ ರೂಢಿ ಬೆಳೆಯಿತು. ಅದರ ಜೊತೆಗೇ ಬೇಟೆಗಾರರ ಒಂದು ಶಿಸ್ತೂ ಬೆಳೆಯಿತು. ವೀಕ್ಷಕರು ಕೇಳಿದ "ಎಲ್ಲಿಗೆ ಗುರಿ" ಅನ್ನೋದಕ್ಕೆ ನೇರ ಉತ್ತರ ಇರೋದು ಇಲ್ಲೇ.

ಪಾರಿವಾಳ ನೋಡೋಕೆ ದಪ್ಪ. ಆದರೆ ಆ ದಪ್ಪದಲ್ಲಿ ಬಹುಪಾಲು ಗರಿ ಮತ್ತು ಎದೆಯ ಮಾಂಸ. ಹಾರೋಕೆ ಬೇಕಾದ ಸ್ನಾಯು ಅದು. ಕುತ್ತಿಗೆಯ ಕೆಳಗೆ, ಎದೆಯ ಮುಂದೆ ಕಾಳು ತುಂಬಿಟ್ಟುಕೊಳ್ಳುವ ಚೀಲ ಇರುತ್ತೆ. ಸಂಜೆ ಹೊತ್ತು ಅದು ಮರಳು ಮೂಟೆಯ ಹಾಗೆ ಗಟ್ಟಿ. ಎದುರಿಂದ ಎದೆಗೆ ಹೊಡೆದರೆ ಸಣ್ಣ ಗುಂಡು ಆ ಕಾಳಿನಲ್ಲೇ ನಿಂತುಬಿಡಬಹುದು. ಹಕ್ಕಿ ಹಾರಿಹೋಗುತ್ತೆ. ತಪ್ಪಿತು ಅಂತ ಹೊಡೆದವನು ಅಂದುಕೋತಾನೆ. ಹಕ್ಕಿ ಎಲ್ಲೋ ಕೂತು ಎರಡು ದಿನ ನರಳಿ ಸಾಯುತ್ತೆ.

ಹಾಗಾಗಿ ಅನುಭವಿಗಳು ಒಪ್ಪುವ ಜಾಗ ಎರಡೇ. ಒಂದು ತಲೆ: ಪಕ್ಕದಿಂದ ನೋಡಿದಾಗ ಕಣ್ಣಿನ ಹಿಂದಿನ ಭಾಗ, ಮಿದುಳು ಇರುವಲ್ಲಿ. ಇನ್ನೊಂದು, ಹಕ್ಕಿ ಬೆನ್ನು ತಿರುಗಿಸಿ ಕೂತಿದ್ದರೆ ರೆಕ್ಕೆಗಳ ಬುಡದ ನಡುವೆ, ಬೆನ್ನಿನ ಮೇಲ್ಭಾಗ. ಇವೆರಡರ ಅಗಲವೂ ಹೆಚ್ಚು ಕಡಿಮೆ ಒಂದು ಅಂಗುಲ. ನಮ್ಮ ಹತ್ತು ರೂಪಾಯಿ ನಾಣ್ಯಕ್ಕಿಂತ ಒಂಚೂರು ಚಿಕ್ಕದು. ಹಾರುವ ಹಕ್ಕಿಗೆ ಹೊಡೆಯೋ ಮಾತೇ ಇಲ್ಲ, ಕೂತಿದ್ದರೆ ಮಾತ್ರ.

ಈಗ ಗುಂಡಿನ ಕಡೆ ನೋಡೋಣ. .177 ಅಂದರೆ 4.5 ಮಿಲಿಮೀಟರ್ ಗುಂಡಿನ ತೂಕ ಸುಮಾರು ಅರ್ಧ ಗ್ರಾಂ. ಆ 16 ಜೂಲಿನಲ್ಲಿ ಅದು ಸೆಕೆಂಡಿಗೆ 250 ಮೀಟರ್ ವೇಗದಲ್ಲಿ ಹೊರಡುತ್ತೆ. 30 ಮೀಟರ್ ದಾಟೋಕೆ ಸೆಕೆಂಡಿನ ಏಳನೇ ಒಂದು ಭಾಗದಷ್ಟು ಹೊತ್ತು. ಅಷ್ಟರಲ್ಲಿ ಭೂಮಿ ಅದನ್ನು ಎಂಟೊಂಬತ್ತು ಸೆಂಟಿಮೀಟರ್ ಕೆಳಗೆ ಎಳೆದಿರುತ್ತೆ! ಗುರಿ ಎರಡೂವರೆ ಸೆಂಟಿಮೀಟರ್, ಗುಂಡು ಇಳಿಯೋದು ಅದರ ಮೂರು ಪಟ್ಟು. ಬಂದೂಕಿನ ಗುರಿನೋಟವನ್ನು ಒಂದು ದೂರಕ್ಕೆ ಹೊಂದಿಸಿರ್ತೀರಿ, ಸರಿ. ಆದರೆ ಹಕ್ಕಿ ಕೂತಿರೋ ದೂರವನ್ನು ಅಂದಾಜಿನಲ್ಲಿ ಐದಾರು ಮೀಟರ್ ತಪ್ಪಿದಿರೋ, ತಲೆಗೆ ಇಟ್ಟ ಗುರಿ ಕಾಳಿನ ಚೀಲಕ್ಕೆ ಬೀಳುತ್ತೆ. ಪಕ್ಕದಿಂದ ಎಲೆ ಅಲ್ಲಾಡಿಸುವಷ್ಟು ಗಾಳಿ ಬೀಸಿದರೂ ಎರಡು ಮೂರು ಸೆಂಟಿಮೀಟರ್ ಆಚೆ.

ಸಾಲದ್ದಕ್ಕೆ ಸ್ಪ್ರಿಂಗ್ ಬಂದೂಕು ಗುಂಡು ಹೊರಡುವ ಮುಂಚೆಯೇ ಅಲುಗಾಡುತ್ತೆ. ಮೊದಲು ಹಿಂದಕ್ಕೆ, ಪಿಸ್ಟನ್ ಮುಂದೆ ಹೋಗಿ ಬಡಿದಾಗ ಮುಂದಕ್ಕೆ. ಬಿಗಿಯಾಗಿ ಹಿಡಿದರೆ ಪ್ರತಿ ಸಲ ಬೇರೆ ಬೇರೆ ಥರ ಕುಲುಕುತ್ತೆ. ಅದಕ್ಕೇ ಅಂಗೈ ಮೇಲೆ ಸಡಿಲವಾಗಿ, ಮಗು ಎತ್ತಿಕೊಂಡ ಹಾಗೆ ಹಿಡಿಯಬೇಕು ಅಂತ ಕಲಿಸ್ತಾರೆ.

ಇದೆಲ್ಲ ಸೇರಿ ಅಲ್ಲಿ ಒಂದು ನಿಯಮ ರೂಢಿಗೆ ಬಂತು: ಯಾವ ದೂರದಲ್ಲಿ ನೀನು ಕಾಗದದ ಮೇಲಿನ ಒಂದು ಅಂಗುಲದ ಚುಕ್ಕೆಗೆ ಪ್ರತಿ ಸಲವೂ ಹೊಡೀತೀಯೋ, ಅಷ್ಟೇ ನಿನ್ನ ಬೇಟೆಯ ದೂರ. ಹತ್ತರಲ್ಲಿ ಎಂಟು ಸಾಲದು. ಅನೇಕರಿಗೆ ಆ ದೂರ ಇಪ್ಪತ್ತು ಇಪ್ಪತ್ತೈದು ಮೀಟರ್ ದಾಟಲ್ಲ.

ಬಂದೂಕಿನ ಶಕ್ತಿ ಕಡಿಮೆ ಆದಷ್ಟೂ ಹಿಡಿದವನ ಜವಾಬ್ದಾರಿ ಜಾಸ್ತಿ. ದೊಡ್ಡ ಬಂದೂಕು ಹೊಡೆಯುವವನ ತಪ್ಪನ್ನು ಸ್ವಲ್ಪ ಮುಚ್ಚಿಹಾಕುತ್ತೆ. ಏರ್‌ಗನ್ ಮುಚ್ಚಿಹಾಕಲ್ಲ, ಆ ತಪ್ಪಿನ ನೋವು ಪೂರ್ತಿ ಹಕ್ಕಿಯ ಪಾಲಿಗೆ ಹೋಗುತ್ತೆ.

ಇದು ನನಗೆ ಪುಸ್ತಕದಿಂದ ಮಾತ್ರ ಗೊತ್ತಾದದ್ದಲ್ಲ. ಹನ್ನೆರಡು ಹದಿಮೂರು ವರ್ಷದವನಿದ್ದಾಗ ರಜೆಗೆ ಊರಿಗೆ ಹೋಗಿದ್ದೆ. ಪರಿಚಯದವರೊಬ್ಬರ ಮನೆಯ ಏರ್‌ಗನ್ ಸಿಕ್ಕಿತು. ಹಂಚಿನ ಮೇಲೆ ಕೂತ ಪಾರಿವಾಳಕ್ಕೆ, ದಪ್ಪ ಎದೆ ಕಾಣುತ್ತಲ್ಲ, ಅಲ್ಲಿಗೇ ಹೊಡೆದೆ. ಗರಿ ಹಾರಿತು, ಹಕ್ಕಿಯೂ ಹಾರಿತು. "ತಪ್ಪಿತು ಬಿಡೋ" ಅಂದರು. ಮರುದಿನ ಮಧ್ಯಾಹ್ನ ದನದ ಕೊಟ್ಟಿಗೆಯ ಮೂಲೆಯಲ್ಲಿ ಅದು ಕೂತಿತ್ತು, ರೆಕ್ಕೆ ಇಳಿಬಿಟ್ಟು, ಕಣ್ಣು ಅರ್ಧ ಮುಚ್ಚಿ. ಇನ್ನೂ ಉಸಿರಾಡ್ತಿತ್ತು. ನಮ್ಮಜ್ಜಿ ನನ್ನನ್ನು ಬೈಯಲಿಲ್ಲ. ಒಂದು ಬಟ್ಟಲಲ್ಲಿ ನೀರು ತಂದು ಅದರ ಮುಂದಿಟ್ಟರು, ಅಷ್ಟೇ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಹಕ್ಕಿ ಹೋಗಿ ಮಣ್ಣಿನ ತಟ್ಟೆ ಬಂತು

ಇದೇ ಕಾಲದಲ್ಲಿ ದೊಡ್ಡ ಬಂದೂಕಿನವರ ಲೋಕದಲ್ಲಿ ಇನ್ನೊಂದು ಕಥೆ ನಡೀತಿತ್ತು. ಲಂಡನ್ನಿನ ಹರ್ಲಿಂಗ್‌ಹ್ಯಾಮ್ ಕ್ಲಬ್ ಶುರುವಾದದ್ದೇ 1869ರಲ್ಲಿ ಪಾರಿವಾಳ ಹೊಡೆಯುವ ಆಟಕ್ಕೆ. ಪೆಟ್ಟಿಗೆಯಿಂದ ಜೀವಂತ ಹಕ್ಕಿ ಬಿಡೋದು, ಹಾರಿದ ಕೂಡಲೇ ಛರ್ರೆ ಬಂದೂಕಿನಿಂದ ಹೊಡೆಯೋದು. 1900ರ ಪ್ಯಾರಿಸ್ ಒಲಿಂಪಿಕ್ಸ್ ಸಮಯದಲ್ಲೂ ಇಂಥ ಸ್ಪರ್ಧೆ ನಡೆಯಿತು. ಬೆಲ್ಜಿಯಂನ ಲಿಯಾನ್ ಡಿ ಲುಂಡೆನ್ 21 ಹಕ್ಕಿ ಕೊಂದು ಗೆದ್ದ. ಅದನ್ನು ಅಧಿಕೃತ ಒಲಿಂಪಿಕ್ ಸ್ಪರ್ಧೆ ಅಂತ ಎಣಿಸಬೇಕೋ ಬೇಡವೋ ಅನ್ನೋ ಚರ್ಚೆ ಇವತ್ತಿಗೂ ಇದೆ. ಹರ್ಲಿಂಗ್‌ಹ್ಯಾಮ್‌ನಲ್ಲಿ 1905ಕ್ಕೆ ಆ ಆಟ ನಿಂತಿತು, 1921ರಲ್ಲಿ ಬ್ರಿಟನ್ ಕಾನೂನು ಮಾಡಿ ನಿಷೇಧಿಸಿತು.

ಅದರ ಜಾಗಕ್ಕೆ ಬಂದದ್ದು ಮಣ್ಣಿನ ತಟ್ಟೆ. ಅಮೆರಿಕದ ಸಿನ್ಸಿನಾಟಿಯ ಜಾರ್ಜ್ ಲಿಗೋವ್ಸ್ಕಿ 1880ರಲ್ಲಿ ಅದನ್ನು ತಂದ. ಇವತ್ತಿಗೂ ಆ ತಟ್ಟೆಗೆ "ಕ್ಲೇ ಪಿಜನ್" ಅಂತಲೇ ಹೆಸರು, ಆಟಕ್ಕೆ ಹಕ್ಕಿ ಪೆಟ್ಟಿಗೆಯ ಹೆಸರೇ, "ಟ್ರ್ಯಾಪ್". ಒಂದು ಕಾಲದಲ್ಲಿ ಅಮೆರಿಕದ ಆಕಾಶವನ್ನೇ ಮುಚ್ಚುತ್ತಿದ್ದ ಪ್ಯಾಸೆಂಜರ್ ಪಾರಿವಾಳಗಳಲ್ಲಿ ಕೊನೆಯದು, ಮಾರ್ಥಾ, 1914ರ ಸೆಪ್ಟೆಂಬರ್ 1ರಂದು ಸತ್ತದ್ದೂ ಅದೇ ಸಿನ್ಸಿನಾಟಿಯ ಮೃಗಾಲಯದಲ್ಲಿ. ಮಣ್ಣಿನ ಪಾರಿವಾಳ ಹುಟ್ಟಿದ ಊರಲ್ಲೇ ಒಂದು ನಿಜವಾದ ಪಾರಿವಾಳದ ವಂಶ ಮುಗಿಯಿತು.

ನಮ್ಮ ಮುಂಬೈಯ ಒಂದು ಏಟು

ಇನ್ನು ನಮ್ಮ ಕಡೆ ಬರೋಣ. ಇಂಗ್ಲೆಂಡಿನಲ್ಲಿ ಏರ್‌ಗನ್ ನಿಖರವಾಗುತ್ತಿದ್ದ ಆ ವರ್ಷಗಳಲ್ಲೇ ಮುಂಬೈಯ ಖೇತ್‌ವಾಡಿಯಲ್ಲಿ ಒಬ್ಬ ಹುಡುಗನಿಗೆ ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಒಂದು ಏರ್‌ಗನ್ ಕೊಟ್ಟಿದ್ದರು. ಹುಡುಗ ಗುಬ್ಬಿ ಹೊಡೆಯುತ್ತಿದ್ದ. ಒಂದು ದಿನ ಬಿದ್ದ ಗುಬ್ಬಿಯ ಗಂಟಲಲ್ಲಿ ಹಳದಿ ಮಚ್ಚೆ ಕಂಡಿತು. ಇದು ಯಾವ ಹಕ್ಕಿ ಅಂತ ಮಾವನನ್ನು ಕೇಳಿದ. ಮಾವ ಅವನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲ್ಲಾರ್ಡ್ ಬಳಿಗೆ ಕಳಿಸಿದರು. ಮಿಲ್ಲಾರ್ಡ್ ಬೈಯಲಿಲ್ಲ. ಕಪಾಟು ತೆಗೆದು, ಸೊಸೈಟಿಯ ಹಕ್ಕಿ ಸಂಗ್ರಹ ತೋರಿಸಿದರು.

ಆ ಹುಡುಗನೇ ಸಲೀಂ ಅಲಿ. 1985ರಲ್ಲಿ ಬಂದ ಅವರ ಆತ್ಮಕಥೆಯ ಹೆಸರಿನಲ್ಲೂ ಆ ಗುಬ್ಬಿಯೇ ಬೀಳುತ್ತೆ. ಅಲ್ಲಿ ಆ ಹುಡುಗನನ್ನು ಬದಲಾಯಿಸಿದ್ದು ಗುರಿ ಸಿಕ್ಕಿದ್ದಲ್ಲ, ಸಿಕ್ಕಿದ ಮೇಲೆ ಹಕ್ಕಿಯ ಹತ್ತಿರ ಹೋಗಿ ನೋಡಿದ್ದು.

ಅರ್ಧ ಮಿಲಿಮೀಟರ್

ಏರ್ ರೈಫಲ್‌ನ ನಿಖರತೆ ಆಮೇಲೂ ಬೆಳೀತಾ ಹೋಯಿತು, ಆದರೆ ಹಕ್ಕಿಯಿಂದ ದೂರ. 1960ರ ದಶಕದಲ್ಲಿ ಜರ್ಮನಿಯ ತಯಾರಕರು ಕುಲುಕಾಟವೇ ಕೈಗೆ ತಟ್ಟದ ಬಂದೂಕು ಮಾಡಿದರು. 1966ರಲ್ಲಿ 10 ಮೀಟರ್ ಏರ್ ರೈಫಲ್ ವಿಶ್ವ ಚಾಂಪಿಯನ್‌ಷಿಪ್‌ಗೆ, 1984ರಲ್ಲಿ ಒಲಿಂಪಿಕ್ಸ್‌ಗೆ ಬಂತು. ಇವತ್ತು ಅದರಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್. ಒಂದು ಅಂಗುಲದಿಂದ ಶುರುವಾದ ಗುರಿ ಸಾಸಿವೆ ಕಾಳಿಗಿಂತ ಚಿಕ್ಕದಾಯಿತು. 2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಒಟ್ಟು 700.5 ಅಂಕ ಗಳಿಸಿ ಭಾರತಕ್ಕೆ ಮೊದಲ ವೈಯಕ್ತಿಕ ಚಿನ್ನ ತಂದದ್ದು ಇದೇ ಆಟದಲ್ಲಿ. ಕೊನೆಯ ಏಟು 10.8. 2012ರಲ್ಲಿ ಕಂಚು ಗೆದ್ದ ಗಗನ್ ನಾರಂಗ್ ಬೆಳೆದದ್ದು ಹೈದರಾಬಾದಿನಲ್ಲಿ. ಪುಣೆಯವರಿಗೆ ಬಾಳೇವಾಡಿಯ ಶೂಟಿಂಗ್ ರೇಂಜ್ ಗೊತ್ತೇ ಇದೆ. ಬೇಟೆಗಾರ ಕಲಿತ ಶಿಸ್ತೇ ಇಲ್ಲೂ ಇದೆ: ಉಸಿರು, ಹಿಡಿತ, ಬೆರಳು, ತಾಳ್ಮೆ. ರಕ್ತ ಮಾತ್ರ ಇಲ್ಲ.

ಈಗ ಆ ಬಾಲ್ಕನಿಗೆ

ಸರಿ, ಪ್ರಶ್ನೆಗೆ ಬರ್ತೀನಿ. ಗುರಿ ಎಲ್ಲಿ ಅಂತ ಹೇಳಾಯಿತು. ಆದರೆ ನಿಮ್ಮ ಬಾಲ್ಕನಿಯಿಂದ ಹೊಡೀಬೇಡಿ.

ಮೊದಲನೇ ಕಾರಣ ಆ ದ್ವೀಪದ ಹೆಂಗಸು. ತಪ್ಪಿದ ಗುಂಡು ನೂರಾರು ಮೀಟರ್ ಹೋಗುತ್ತೆ. ನಿಮ್ಮ ಪಾರಿವಾಳದ ಹಿಂದೆ ಎದುರು ಬಿಲ್ಡಿಂಗಿನ ಕಿಟಕಿ ಇದೆ, ಕಿಟಕಿಯ ಹಿಂದೆ ಯಾರದೋ ಮಗು ಇದೆ. ಎರಡನೇದು ಕಾನೂನು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ 1960ರ ಕಾಯ್ದೆ ಎಲ್ಲ ಪ್ರಾಣಿಗಳಿಗೂ ಅನ್ವಯ. ಹಸಿರು ಪಾರಿವಾಳದಂಥ ಕಾಡಿನ ಹಕ್ಕಿಗಳಿಗಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇದೆ.

ಮೂರನೇ ಕಾರಣ, ಹೊಡೆದರೆ ಅವು ಕಡಿಮೆ ಆಗಲ್ಲ. ಇದು ನನ್ನ ಮಾತಲ್ಲ. ಇಂಗ್ಲೆಂಡಿನ ಕೃಷಿ ಇಲಾಖೆಯ ವಿಜ್ಞಾನಿ ಆರ್. ಕೆ. ಮರ್ಟನ್ ವರ್ಷಗಟ್ಟಲೆ ಕಾಡು ಪಾರಿವಾಳಗಳನ್ನು ಅಧ್ಯಯನ ಮಾಡಿದರು. ಅಲ್ಲಿ ಛರ್ರೆ ಬಂದೂಕಿನಿಂದ ಚಳಿಗಾಲದಲ್ಲಿ ಎಷ್ಟೇ ಹೊಡೆದರೂ, ಉಳಿದವಕ್ಕೆ ಮೇವು ಹೆಚ್ಚು ಸಿಗುತ್ತಿತ್ತು. ಹಸಿವಿನಿಂದ ಸಾಯಬೇಕಾದವು ಬದುಕುತ್ತಿದ್ದವು. ಕೊನೆಗೆ ಲೆಕ್ಕ ಅಷ್ಟಕ್ಕಷ್ಟೇ. ಸಂಖ್ಯೆ ನಿರ್ಧಾರ ಮಾಡೋದು ಬಂದೂಕಲ್ಲ, ಮೇವು.

ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಪಾರಿವಾಳಗಳು ನಿಮ್ಮ ಬಾಲ್ಕನಿಯ ಜಾತಿಯವೇ. 1961ರಿಂದ 1985ರವರೆಗೆ ಅಲ್ಲಿ ಹೊಡೆದು, ಹಿಡಿದು ಸುಮಾರು ಒಂದು ಲಕ್ಷ ಪಾರಿವಾಳ ಕೊಂದರು. ಸಂಖ್ಯೆ ಇಪ್ಪತ್ತು ಸಾವಿರದ ಆಸುಪಾಸಿನಲ್ಲೇ ನಿಂತಿತ್ತು. 1988ರಲ್ಲಿ ದಾರಿ ಬದಲಾಯಿಸಿದರು. ಕಾಳು ಹಾಕಬೇಡಿ, ಕಾಳು ಹಾಕೋದು ಕರುಣೆ ಅಲ್ಲ ಅಂತ ಜನರಿಗೆ ತಿಳಿಸಿದರು, ಗೂಡುಮನೆ ಕಟ್ಟಿ ಅಲ್ಲಿನ ಮೊಟ್ಟೆ ತೆಗೆದರು. ನಾಲ್ಕು ವರ್ಷದಲ್ಲಿ ಸಂಖ್ಯೆ ಅರ್ಧಕ್ಕಿಳಿಯಿತು.

ಹಾಗಾಗಿ ಸ್ವಾಮಿ, ಬಾಲ್ಕನಿಗೆ ಬಲೆ ಹಾಕಿಸಿ. ಎಸಿ ಯೂನಿಟ್ ಹಿಂದಿನ ಜಾಗ ಮುಚ್ಚಿಸಿ, ಗೂಡು ಖಾಲಿ ಇದ್ದಾಗ. ಒಣಗಿದ ಹಿಕ್ಕೆ ಗುಡಿಸೋ ಮುಂಚೆ ನೀರು ಚಿಮುಕಿಸಿ, ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ. ಅಮ್ಮನ ಕೆಮ್ಮನ್ನು ಎದೆ ಡಾಕ್ಟರಿಗೆ ತೋರಿಸಿ, ಮನೆಯಲ್ಲಿ ಪಾರಿವಾಳ ಇವೆ ಅನ್ನೋದನ್ನು ಮರೆಯದೆ ಹೇಳಿ. ನಿಮ್ಮ ಸೊಸೈಟಿ ಟೆರೇಸಿನಲ್ಲಿ ದಿನಾ ಕಾಳು ಹಾಕುವವರ ಜೊತೆ ಕೂತು ಮಾತಾಡಿ. ಬಂದೂಕು ಹಿಡಿಯೋದಕ್ಕಿಂತ ಆ ಕೊನೆಯ ಕೆಲಸ ಕಷ್ಟ, ಗೊತ್ತು.

ಗುರಿ ಇಡುವ ಆಸೆ ಇನ್ನೂ ಇದ್ದರೆ ಹತ್ತಿರದ ಶೂಟಿಂಗ್ ರೇಂಜಿಗೆ ಹೋಗಿ ಹತ್ತು ಮೀಟರ್ ದೂರದ ಆ ಕಾಗದದ ಮುಂದೆ ನಿಂತು ನೋಡಿ. ಮೊದಲ ದಿನವೇ ತಿಳಿಯುತ್ತೆ, ಒಂದು ಅಂಗುಲ ಅನ್ನೋದು ಎಷ್ಟು ಚಿಕ್ಕದು ಅಂತ. ಆಮೇಲೆ ಕೂತಿರೋ ಪಾರಿವಾಳದ ಕಡೆ ನಳಿಗೆ ತಿರುಗಿಸೋಕೆ ಕೈ ಬರಲ್ಲ. ನನಗಂತೂ ಬಂದಿಲ್ಲ.

ನಿಮ್ಮ ಬಾಲ್ಕನಿಯ ಕಥೆ ಇದ್ದರೆ ಬರೆದು ಕಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.